ಅರಣ್ಯ ಹಕ್ಕು ಅರ್ಜಿ: ಮೊದಲು ಎರಡು ಕಡತ ಕಟ್ಟಿ, ಆಮೇಲೆ ನಮೂನೆ ತುಂಬಿ

ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರವಿರಲಿ, ಕರಾವಳಿಯ ಅಂಕೋಲಾ, ಕುಮಟಾ, ಹೊನ್ನಾವರವಿರಲಿ, ತಿರಸ್ಕಾರವಾದ ಅರಣ್ಯ ಹಕ್ಕು ಅರ್ಜಿಗಳ ಹಿಂಬರಹದಲ್ಲಿ ಮತ್ತೆ ಮತ್ತೆ ಕಾಣುವ ಸಾಲು ಒಂದೇ: 75 ವರ್ಷಗಳ ದಾಖಲೆ ಹಾಜರುಪಡಿಸಿಲ್ಲ. ಇದನ್ನು ಓದಿದವರು, ಇದೇ ಸರ್ವೆ ನಂಬರಿನಲ್ಲಿ ಅಜ್ಜ 1930ರಲ್ಲಿ ಸಾಗುವಳಿ ಮಾಡುತ್ತಿದ್ದರೆಂದು ಹೇಳುವ ಒಂದು ಕಾಗದಕ್ಕಾಗಿ ವರ್ಷಗಟ್ಟಲೆ ಅಲೆಯುತ್ತಾರೆ. ಹೆಚ್ಚಿನವರಿಗೆ ಅಂಥ ಕಾಗದ ಸಿಗುವುದಿಲ್ಲ. ಅರಣ್ಯವೆಂದು ಬರೆದಿಟ್ಟ ಜಾಗದ ದಾಖಲೆಯಲ್ಲಿ ಉಳುವವನ ಹೆಸರು ಎಲ್ಲಿಂದ ಬರಬೇಕು?

ಅರಣ್ಯ ಜಾಗದಲ್ಲಿ ವಾಸ, ಸಾಗುವಳಿ ಮಾಡಿಕೊಂಡು ಬಂದವರ ಹಕ್ಕನ್ನು ಗುರುತಿಸುವ 2006ರ ಅರಣ್ಯ ಹಕ್ಕು ಕಾಯ್ದೆ ಆ ಕಾಗದ ಕೇಳುವುದೂ ಇಲ್ಲ. ಅದು ಕೇಳುವುದು ಎರಡು ಬೇರೆ ಬೇರೆ ಪ್ರಶ್ನೆ. ಒಂದು, ನೀವು ಯಾರು? ಕಲಂ 2(ಒ) ಪ್ರಕಾರ 13-12-2005ಕ್ಕೆ ಮೊದಲಿನ ಮೂರು ತಲೆಮಾರು, ತಲೆಮಾರಿಗೆ 25ರಂತೆ 75 ವರ್ಷ, ಕಾಡನ್ನು ನೆಚ್ಚಿ ಬದುಕಿದ ಜನವೇ? ಎರಡು, ಈ ಜಾಗ ಯಾವಾಗಿನಿಂದ ನಿಮ್ಮ ಕೈಯಲ್ಲಿದೆ? ಕಲಂ 4(3)ರ ಪ್ರಕಾರ 13-12-2005ಕ್ಕೆ ಮೊದಲು ಇದ್ದರೆ ಸಾಕು. 75 ವರ್ಷ ಅನ್ವಯಿಸುವುದು ವಾಸಕ್ಕೆ, ಅವಲಂಬನೆಗೆ. ನೀವು ಕೇಳುವ ಆ ತುಂಡು ಜಾಗಕ್ಕಲ್ಲ. ಅರ್ಜಿದಾರರೂ ಎಷ್ಟೋ ಸಲ ಅಧಿಕಾರಿಗಳೂ ಈ ಎರಡನ್ನು ಒಂದಕ್ಕೊಂದು ಗಂಟು ಹಾಕುತ್ತಾರೆ. ಅರ್ಜಿ ಬೀಳುವುದು ಅಲ್ಲೇ. ಆದ್ದರಿಂದ ನಮೂನೆ ಮುಟ್ಟುವ ಮೊದಲು ಎರಡು ಬೇರೆ ಕಡತ ಮಾಡಿ.

## ಮೊದಲೇ ಕೈಯಲ್ಲಿರಬೇಕಾದವು

ಎರಡು ರಟ್ಟಿನ ಕಡತ, ದಿನಾಂಕ ಬರೆದಿಡಲು ಒಂದು ನೋಟ್‌ಬುಕ್, 50 ಅಥವಾ 100 ಅಡಿಯ ಟೇಪು, ಜಿಪಿಎಸ್ ಇರುವ ಮೊಬೈಲು, ಭೂಮಾಪನ ಕಚೇರಿಯಿಂದ ಪಡೆದ ಗ್ರಾಮ ನಕಾಶೆ, ಕಾಯ್ದೆ ಮತ್ತು 2012ರ ತಿದ್ದುಪಡಿ ಸೇರಿದ ನಿಯಮಗಳ ಕನ್ನಡ ಪ್ರತಿ. ಕೊನೆಯದನ್ನು ಬಿಡಬೇಡಿ. 2008ರ ಹಳೆಯ ನಿಯಮಗಳನ್ನಷ್ಟೇ ಹಿಡಿದು ಕೂತರೆ, ಅರ್ಜಿದಾರರಿಗೆ ಅತಿ ಹೆಚ್ಚು ರಕ್ಷಣೆ ಕೊಡುವ 12ಎ ನಿಯಮ ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

## ಹಂತ 1: ಯಾವ ವರ್ಗದಲ್ಲಿ ಅರ್ಜಿ

ಪರಿಶಿಷ್ಟ ಪಂಗಡದ ಪ್ರಮಾಣಪತ್ರ ಇದ್ದವರಿಗೆ 75 ವರ್ಷದ ಪ್ರಶ್ನೆಯೇ ಇಲ್ಲ. 13-12-2005ಕ್ಕೆ ಮೊದಲಿನ ವಾಸ ಮತ್ತು ಸ್ವಾಧೀನ ತೋರಿಸಿದರಾಯಿತು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಸಿದ್ದಿ ಕುಟುಂಬದ ಅರ್ಜಿಯನ್ನು 75 ವರ್ಷದ ದಾಖಲೆ ಇಲ್ಲವೆಂದು ತಳ್ಳಿದ್ದರೆ ಅದು ನೇರ ತಪ್ಪು. ಮೇಲ್ಮನವಿಯಲ್ಲಿ ಈ ಒಂದು ಅಂಶವೇ ಸಾಕು.

ಉಳಿದವರೆಲ್ಲ ‘ಇತರ ಪಾರಂಪರಿಕ ಅರಣ್ಯವಾಸಿ’ ಕಾಲಮಿನಲ್ಲಿ ಬರುತ್ತಾರೆ. ಹಾಲಕ್ಕಿ, ಕುಣಬಿ, ಗೌಳಿ ಸಮುದಾಯದವರು ಕೈಯಲ್ಲಿ ಪಂಗಡದ ಪ್ರಮಾಣಪತ್ರ ಇಲ್ಲದೆ ಆ ಕಾಲಮಿಗೆ ಹೌದು ಎಂದು ಬರೆಯಬೇಡಿ. ಬೇಡಿಕೆ ನ್ಯಾಯವಾದದ್ದೇ ಇರಬಹುದು, ಅರ್ಜಿ ಮಾತ್ರ ಪ್ರಮಾಣಪತ್ರದ ಮೇಲೆ ನಡೆಯುತ್ತದೆ. ಎರಡಕ್ಕೂ ಹೌದು ಎಂದು ಬರೆಯುವುದು, ಎರಡನ್ನೂ ಖಾಲಿ ಬಿಡುವುದು, ಎರಡೂ ಅರ್ಜಿಯನ್ನು ಹಿಂದಕ್ಕೆ ತರುತ್ತವೆ.

## ಹಂತ 2: ಮೊದಲ ಕಡತ, ಮೂರು ತಲೆಮಾರಿನ ವಾಸ

ಇಲ್ಲಿ ಲೆಕ್ಕ ಮುಟ್ಟಬೇಕಾದದ್ದು 1930ರ ಡಿಸೆಂಬರಿಗೆ. ಮೊದಲು ವಂಶಾವಳಿ ಬರೆಯಿರಿ: ಅಜ್ಜ ಅಥವಾ ಮುತ್ತಜ್ಜ, ಅಪ್ಪ, ನೀವು. ಪ್ರತಿ ಹೆಸರಿನ ಮುಂದೆ ಹುಟ್ಟಿದ, ತೀರಿದ ವರ್ಷ, ಗೊತ್ತಿದ್ದಷ್ಟು. ಆಮೇಲೆ ಒಂದೊಂದು ಹೆಸರಿಗೂ, ಇವರು ಈ ಊರಿನವರು ಎನ್ನುವ ಒಂದಾದರೂ ಪುರಾವೆ ಸಿಕ್ಕಿಸಿ. ಅದು ಅರಣ್ಯ ಜಾಗದ ಕಾಗದವೇ ಆಗಬೇಕೆಂದಿಲ್ಲ. ಪಕ್ಕದ ಮಾಲ್ಕಿ ಗದ್ದೆಯ ಗೇಣಿ ಚೀಟಿಯೂ ಆ ಊರಿನ ವಾಸಕ್ಕೆ ಸಾಕ್ಷಿಯೇ.

ಹುಡುಕುವ ಜಾಗಗಳು ಇವು. ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಹಕ್ಕು ನೋಂದಣಿ ಪುಸ್ತಕ, ಹಳೆ ಪಹಣಿ, ಜನನ-ಮರಣ ದಾಖಲೆ. ಊರಿನ ಹಳೆಯ ಪ್ರಾಥಮಿಕ ಶಾಲೆಯಲ್ಲಿ ದಾಖಲಾತಿ ಪುಸ್ತಕ. ಅಪ್ಪ ಶಾಲೆ ಮೆಟ್ಟಿಲು ಹತ್ತದಿದ್ದರೆ ಚಿಕ್ಕಪ್ಪನ, ದೊಡ್ಡಪ್ಪನ ಹೆಸರು ನೋಡಿ, ಅಜ್ಜನ ಹೆಸರು ತಂದೆಯ ಕಾಲಮಿನಲ್ಲಿ ಸಿಗುತ್ತದೆ. ಉಪನೋಂದಣಿ ಕಚೇರಿಯಲ್ಲಿ ಹಳೆಯ ಕ್ರಯಪತ್ರಗಳು. ನಿಮ್ಮ ಅಜ್ಜ ಕೊಂಡವರೋ ಮಾರಿದವರೋ ಆಗಿರಬೇಕಿಲ್ಲ, ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದ್ದರೂ, ಚತುಃಸೀಮೆಯಲ್ಲಿ ಹೆಸರು ಬಂದಿದ್ದರೂ ಅದು ಪುರಾವೆ. 1974ರ ಭೂಸುಧಾರಣೆಯ ನಂತರ ಗೇಣಿ ಜಮೀನಿನ ಹಕ್ಕು ಕೇಳಿ ಫಾರಂ 7 ಕೊಟ್ಟ ಮನೆತನಗಳಿಗೆ ಭೂ ನ್ಯಾಯಮಂಡಳಿಯ ಕಡತವೇ ದೊಡ್ಡ ಆಸ್ತಿ. ಅದರಲ್ಲಿ ಹಿಂದಿನ ತಲೆಮಾರಿನ ಹೇಳಿಕೆಗಳಿರುತ್ತವೆ, ಯಾವುದೆಲ್ಲ ಪುರಾವೆ ಎಂದು ಪಟ್ಟಿ ಮಾಡುವ ನಿಯಮ 13ರ ಭಾಷೆಯಲ್ಲಿ ಅದು ಅರೆ-ನ್ಯಾಯಿಕ ದಾಖಲೆ.

ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿತ್ತು ಎನ್ನುವುದನ್ನು ನೆನಪಿಡಿ. 1956ಕ್ಕೆ ಹಿಂದಿನ ಕಾಗದ ಕೇಳುವಾಗ ಇಂದಿನ ನಮೂನೆಯ ಹೆಸರು ಹೇಳಿದರೆ ‘ಲಭ್ಯವಿಲ್ಲ’ ಎಂಬ ಉತ್ತರ ಬರುತ್ತದೆ. ಇಸವಿ, ಊರು, ಹಳೆಯ ಸರ್ವೆ ನಂಬರು ಬರೆದು, ಮುಂಬಯಿ ಕಾಲದ ಹಕ್ಕು ನೋಂದಣಿ ಎಂದೇ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹತ್ತು ದಾಖಲೆಯನ್ನು ಒಂದೇ ಅರ್ಜಿಯಲ್ಲಿ ಕೇಳಿ ಕೆಡಿಸಿಕೊಳ್ಳಬೇಡಿ. ಉತ್ತರಕ್ಕೆ 30 ದಿನ. ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹ ಬಂದರೂ ಅದನ್ನು ಕಡತಕ್ಕೆ ಸೇರಿಸಿ. ಕಾಗದ ಇಲ್ಲದಿರುವುದು ನಿಮ್ಮ ಉದಾಸೀನದಿಂದಲ್ಲ ಎಂದು ಅದು ಹೇಳುತ್ತದೆ.

### ಕಾಗದವೇ ಇಲ್ಲದಿದ್ದರೆ

ನಿಯಮ 13 ಕಾಗದವನ್ನಷ್ಟೇ ಪುರಾವೆ ಎನ್ನುವುದಿಲ್ಲ. ಹಳೆಯ ಬಾವಿ, ಸ್ಮಶಾನ, ದೇವರ ಜಾಗ ಇವೂ ಪುರಾವೆಗಳೇ. ಚೌಡಿ ಕಟ್ಟೆ, ಜಟಕ, ಮಾಸ್ತಿಯ ನೆಲೆ, ಪ್ರತಿ ವರ್ಷ ಹಬ್ಬ ನಡೆಯುವ ಬನ, ಇವುಗಳ ಫೋಟೋ ತೆಗೆದು, ನಕಾಶೆಯಲ್ಲಿ ಗುರುತು ಹಾಕಿ, ಯಾವ ಮನೆತನದವರು ಪೂಜೆ ನಡೆಸಿಕೊಂಡು ಬಂದಿದ್ದಾರೆ ಎಂದು ಬರೆಯಿರಿ. ಗ್ಯಾಝೆಟಿಯರನ್ನು ನಿಯಮವೇ ಹೆಸರಿಸಿದೆ. ಮುಂಬಯಿ ಪ್ರಾಂತ್ಯದ ಗ್ಯಾಝೆಟಿಯರಿನ ಕೆನರಾ ಸಂಪುಟ 1883ರದ್ದು, ಈ ಜಿಲ್ಲೆಯ ಸಮುದಾಯಗಳ ವಿವರ ಅದರಲ್ಲಿದೆ. ನಿಮ್ಮ ಸಮುದಾಯದ ಪುಟದ ಪ್ರತಿ ತೆಗೆದಿಟ್ಟುಕೊಳ್ಳಿ.

ಹಿರಿಯರ ಹೇಳಿಕೆಯನ್ನು ಎಲ್ಲರೂ ಲಗತ್ತಿಸುತ್ತಾರೆ, ಸರಿಯಾಗಿ ಬರೆಸುವವರು ಕಡಿಮೆ. ಹೇಳಿಕೆ ಕೊಡುವವರು ಸ್ವತಃ ಅರ್ಜಿದಾರರಾಗಿರಬಾರದು. ಅವರ ಹೆಸರು, ವಯಸ್ಸು, ಊರು, ನಿಮ್ಮ ಮನೆತನ ಅವರಿಗೆ ಹೇಗೆ ಗೊತ್ತು ಎಂಬುದು ಇರಬೇಕು. ಎಲ್ಲಕ್ಕಿಂತ ಮುಖ್ಯ, ಕಣ್ಣಾರೆ ಕಂಡದ್ದನ್ನೂ ಹಿರಿಯರ ಬಾಯಿಂದ ಕೇಳಿದ್ದನ್ನೂ ಬೇರೆ ಬೇರೆ ಮಾಡಿ ಬರೆಸಿ. ಈಗ 85 ವರ್ಷದವರು ಹುಟ್ಟಿದ್ದೇ 1940ರ ಆಸುಪಾಸಿನಲ್ಲಿ. ಅವರು 1930ರಲ್ಲಿ ನೋಡಿದೆ ಎಂದು ಬರೆಸಿದರೆ ಹೇಳಿಕೆ ಇಡಿಯಾಗಿ ಬೀಳುತ್ತದೆ. ‘ನಾನು ಸಣ್ಣವನಿದ್ದಾಗ ಇವರ ಅಜ್ಜ ಇದೇ ಮಜರೆಯಲ್ಲಿದ್ದರು, ಅವರ ಅಪ್ಪನ ಕಾಲದಿಂದ ಇದ್ದರೆಂದು ನಮ್ಮಪ್ಪ ಹೇಳುತ್ತಿದ್ದರು’ ಎಂದರೆ ಅದು ನಿಲ್ಲುತ್ತದೆ. ಒಂದೇ ಒಕ್ಕಣೆಯನ್ನು ಝೆರಾಕ್ಸ್ ಮಾಡಿ ನಲವತ್ತು ಮನೆಗೆ ಹಂಚುವುದು ಕೆಟ್ಟ ಅಭ್ಯಾಸ. ಅಂಥ ಹೇಳಿಕೆಗಳು ಎಲ್ಲ ನಲವತ್ತು ಅರ್ಜಿಯನ್ನೂ ಸಂಶಯಕ್ಕೆ ದೂಡುತ್ತವೆ.

ಇನ್ನೊಂದು ದಾರಿ ಉಂಟು, ಜನ ಬಳಸುವುದು ಕಡಿಮೆ. ಕಲಂ 2(ಒ) ಹೇಳುವುದು ‘ಸದಸ್ಯ ಅಥವಾ ಸಮುದಾಯ’ ಎಂದು. ಹಾಗಾಗಿ ಊರಿನ ಹಳೆತನದ ಪುರಾವೆಯನ್ನು, ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಯೇ ಒಂದು ಸಲ ಒಟ್ಟು ಮಾಡಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಪ್ರತಿ ಅರ್ಜಿಗೂ ಅದರ ಪ್ರತಿ ಲಗತ್ತಿಸಬಹುದು. ಆಗ ಒಂದೊಂದು ಮನೆಯೂ ತೋರಿಸಬೇಕಾದದ್ದು ಆ ಊರಿಗೆ ತನ್ನ ಸಂಬಂಧವನ್ನು ಮಾತ್ರ.

## ಹಂತ 3: ಎರಡನೇ ಕಡತ, ಜಾಗದ ಸ್ವಾಧೀನ

ಇಲ್ಲಿ ಗಡಿ ದಿನಾಂಕ 13-12-2005. ಅದಕ್ಕೆ ಹಿಂದಿನ ಮನೆ ತೆರಿಗೆ ರಸೀದಿ, ವಿದ್ಯುತ್ ಬಿಲ್ಲು, ಪಡಿತರ ಚೀಟಿ, ಮತದಾರರ ಪಟ್ಟಿ, ಅರಣ್ಯ ಇಲಾಖೆಯ ಪ್ರಕರಣದ ಪ್ರತಿ, ದಂಡದ ರಸೀದಿ, ಹಿಂದಿನ ಅತಿಕ್ರಮಣ ಸಕ್ರಮದ ಅರ್ಜಿ. ಅಂದು ಕಟ್ಟಿದ ದಂಡದ ರಸೀದಿಯನ್ನು ನಾಚಿಕೆಯಿಂದ ಅಡಗಿಸಿಡುವವರಿದ್ದಾರೆ. ಅದು ಸರಕಾರವೇ ನಿಮ್ಮ ಸ್ವಾಧೀನಕ್ಕೆ ಬರೆದುಕೊಟ್ಟ ಸಾಕ್ಷಿ. ರಸೀದಿ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳುವಂತಿಲ್ಲ ಎಂದೂ ನಿಯಮ 12ಎ ಹೇಳುತ್ತದೆ.

ನೆಲದ ಮೇಲಿನ ಗುರುತುಗಳನ್ನು ಪಟ್ಟಿ ಮಾಡಿ: ಮನೆ, ಕೊಟ್ಟಿಗೆ, ಪಾಗಾರ, ಅಗಳ, ಗದ್ದೆಯ ಹಾಳಿ, ಬಾವಿ, ತೆಂಗು, ಗೇರು, ಅಡಿಕೆ ಮರಗಳ ಸಂಖ್ಯೆ ಮತ್ತು ಅಂದಾಜು ವಯಸ್ಸು. ಫಲ ಕೊಡುವ ಹಳೆಯ ತೆಂಗಿನ ಮರ ತಾನೇ ತಾರೀಖು ಹೇಳುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ನೋಡಬಹುದು, 2005ರ ಸುತ್ತಿನ ಸ್ಪಷ್ಟ ಚಿತ್ರ ಸಿಕ್ಕರೆ ಮುದ್ರಿಸಿ ಸೇರಿಸಿ. ಉಪಗ್ರಹ ಚಿತ್ರ ಉಳಿದ ಪುರಾವೆಗೆ ಪೂರಕ ಮಾತ್ರ, ಅವುಗಳ ಬದಲಿಗಲ್ಲ. ದಟ್ಟ ಮರದ ಕೆಳಗಿನ ತೋಟ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ. ಚಿತ್ರದಲ್ಲಿ ಸಾಗುವಳಿ ಕಾಣುವುದಿಲ್ಲವೆಂಬ ತಿರಸ್ಕಾರಕ್ಕೆ ಇದೇ ಉತ್ತರ.

ಎಚ್ಚರಿಕೆ: ಸ್ವಾಧೀನ ತೋರಿಸಲೆಂದು ಈಗ ಹೊಸದಾಗಿ ಒಂದು ಮರವನ್ನೂ ಕಡಿಯಬೇಡಿ, ಬೇಲಿ ಮುಂದೂಡಬೇಡಿ. 2005ರ ನಂತರ ಹಿಗ್ಗಿಸಿದ ಜಾಗವನ್ನು ಸೇರಿಸಿ ಬರೆದರೆ ಹಳೆಯ ಜಾಗದ ಮೇಲಿನ ನಂಬಿಕೆಯೂ ಹೋಗುತ್ತದೆ, ಕೇಸೂ ಬೀಳುತ್ತದೆ.

ಸೊಪ್ಪಿನ ಬೆಟ್ಟದ ವಿಷಯವನ್ನು ಇದಕ್ಕೆ ಬೆರೆಸಬೇಡಿ. ಅಡಿಕೆ ತೋಟಕ್ಕೆ ಸೇರಿ ಬಂದ ಬೆಟ್ಟದ ಸವಲತ್ತು ಬೇರೆ ಕಾನೂನಿನ ಮಾತು. ಅದನ್ನು ಸ್ವಂತ ಸಾಗುವಳಿ ಜಾಗವೆಂದು ಅರ್ಜಿಯಲ್ಲಿ ತೋರಿಸಿದರೆ ಎರಡೂ ಕಡೆ ತೊಡಕು.

## ಹಂತ 4: ನಮೂನೆ ಎ ತುಂಬುವುದು

ವಿಸ್ತೀರ್ಣದಲ್ಲೇ ಹೆಚ್ಚು ತಪ್ಪು. ಒಂದು ಹೆಕ್ಟೇರ್ ಎಂದರೆ 2 ಎಕರೆ 19 ಗುಂಟೆಗೆ ಚೂರು ಕಡಿಮೆ. ಗರಿಷ್ಠ ಮಿತಿ 4 ಹೆಕ್ಟೇರ್, ಅಂದರೆ ಸುಮಾರು 9 ಎಕರೆ 35 ಗುಂಟೆ. ಮಿತಿ ಅಷ್ಟಿದೆಯೆಂದು ಅಷ್ಟೂ ಬರೆಯುವುದಲ್ಲ, ನಿಜವಾಗಿ ಕೈಯಲ್ಲಿರುವಷ್ಟು ಮಾತ್ರ. ವಾಸದ ಜಾಗ ಮತ್ತು ಸಾಗುವಳಿ ಜಾಗಕ್ಕೆ ಬೇರೆ ಬೇರೆ ಕಾಲಮ್ ಇದೆ. 8 ಗುಂಟೆ ಮನೆ-ಅಂಗಳ, 1 ಎಕರೆ 12 ಗುಂಟೆ ತೋಟ ಎಂಬಂತೆ ಬಿಡಿಸಿ ಬರೆಯಿರಿ.

ಗಂಡ-ಹೆಂಡತಿ ಇಬ್ಬರ ಹೆಸರೂ ಇರಬೇಕು, ಹಕ್ಕು ಜಂಟಿಯಾಗಿಯೇ ಬರುತ್ತದೆ. ಅಣ್ಣ-ತಮ್ಮಂದಿರು ಪಾಲಾಗಿದ್ದರೆ ಅವರವರ ಪಾಲಿಗೆ ಅವರವರ ಅರ್ಜಿ. ಒಂದೇ ಜಾಗಕ್ಕೆ ಇಬ್ಬರ ಅರ್ಜಿ ಬಂದರೆ ಎರಡೂ ಮುಂದೆ ಹೋಗುವುದಿಲ್ಲ. ಹೆಸರಿನ ಅಕ್ಷರ ಎಲ್ಲ ಕಾಗದದಲ್ಲೂ ಒಂದೇ ಇದೆಯೇ ನೋಡಿ. ಗಣಪ, ಗಣಪತಿ, ಗಣಪಯ್ಯ ಎಂದು ಮೂರು ಕಡೆ ಮೂರು ಥರ ಇದ್ದರೆ, ಮೂವರೂ ಒಬ್ಬರೇ ಎಂಬ ಪ್ರಮಾಣಪತ್ರ ಸೇರಿಸಿ.

ನಿಯಮ ಕೇಳುವುದು ಕನಿಷ್ಠ ಎರಡು ಪುರಾವೆ. ನೀವು ಪ್ರತಿ ಕಡತದಿಂದ ಮೂರು ಬೇರೆ ಬೇರೆ ಬಗೆಯವು ಇಡಿ: ಒಂದು ಕಾಗದ, ಒಂದು ನೆಲದ ಗುರುತು, ಒಂದು ಹೇಳಿಕೆ. ಪ್ರತಿ ಹಾಳೆಗೂ ಪುಟಸಂಖ್ಯೆ ಹಾಕಿ, ಮೇಲೆ ಪಟ್ಟಿ ಅಂಟಿಸಿ. ಅರ್ಜಿಗೆ ಶುಲ್ಕವಿಲ್ಲ. ಹಕ್ಕುಪತ್ರ ಮಾಡಿಸಿಕೊಡುತ್ತೇನೆಂದು ಹಣ ಕೇಳುವವರಿಂದ ದೂರವಿರಿ.

ಅರ್ಜಿ ಕೊಡುವುದು ಗ್ರಾಮದ ಅರಣ್ಯ ಹಕ್ಕು ಸಮಿತಿಗೆ, ರೇಂಜರ್ ಕಚೇರಿಗಲ್ಲ. ದಿನಾಂಕ ಮತ್ತು ಸಹಿ ಇರುವ ಸ್ವೀಕೃತಿ ಕೈಗೆ ಬಾರದೆ ಅಲ್ಲಿಂದ ಏಳಬೇಡಿ. ಮುಂದೆ ತೆರವಿನ ನೋಟಿಸ್ ಬಂದರೆ ಮೊದಲು ಕಾಯುವುದು ಆ ಚೀಟಿಯೇ. ಅವಧಿ ಮುಗಿಯಿತು ಎಂದರೆ ನೆನಪಿಡಿ, ಗ್ರಾಮಸಭೆ ಅರ್ಜಿ ಕರೆದ ಮೇಲೆ ಮೂರು ತಿಂಗಳ ಅವಧಿ, ಕಾರಣ ಬರೆದು ಅದನ್ನು ವಿಸ್ತರಿಸುವ ಅಧಿಕಾರವೂ ಗ್ರಾಮಸಭೆಗೇ ಇದೆ. ಕಾಯ್ದೆಯಲ್ಲಿ ಕೊನೆಯ ದಿನಾಂಕ ಎಂಬುದಿಲ್ಲ.

## ಹಂತ 5: ಸ್ಥಳ ಪರಿಶೀಲನೆ

‘ನಮ್ಮದು ಜಿಪಿಎಸ್ ಆಗಿದೆ’ ಎಂದು ಜನ ನಿಶ್ಚಿಂತರಾಗುತ್ತಾರೆ. ಜಿಪಿಎಸ್ ಆದದ್ದು ಪರಿಶೀಲನೆಯ ಒಂದು ತುಂಡು ಮಾತ್ರ, ಹಕ್ಕಲ್ಲ.

ಸಾಧ್ಯವಾದರೆ ಪರಿಶೀಲನೆಯನ್ನು ಮಳೆಗಾಲದಲ್ಲಿ ಬೇಡವೆಂದು ಸಮಿತಿಗೆ ಹೇಳಿ. ಪೊದೆ ಬೆಳೆದು ಗಡಿ ಕಾಣುವುದಿಲ್ಲ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಹಿಂದಿನ ದಿನವೇ ಗಡಿಗುಂಟ ಒಂದು ಅಡಿ ಹಾದಿ ಸವರಿ, ಮೂಲೆಗಳಿಗೆ ಗೂಟ ನೆಡಿ. ಅಡಿಕೆ ತೋಟದ ನೆರಳಿನಲ್ಲಿ ಜಿಪಿಎಸ್ ಹಲವು ಮೀಟರ್ ತಪ್ಪುತ್ತದೆ, ಪ್ರತಿ ಮೂಲೆಯಲ್ಲೂ ಒಂದೆರಡು ನಿಮಿಷ ನಿಲ್ಲಿಸಿ ಓದಿಸಿ. ಆಮೇಲೆ ಟೇಪಿನಿಂದ ಎರಡು ಬದಿಯನ್ನಾದರೂ ಅಳೆದು ತಾಳೆ ನೋಡಿ. ವ್ಯತ್ಯಾಸ ಕಂಡರೆ ಅಲ್ಲೇ ಪಂಚನಾಮೆಯಲ್ಲಿ ಬರೆಸಿ. ನಂತರ ಬರೆಸುತ್ತೇನೆಂದರೆ ಆಗುವುದಿಲ್ಲ.

ಸಮಿತಿ ಅರಣ್ಯ ಮತ್ತು ಕಂದಾಯ ಇಲಾಖೆಗೆ ಮೊದಲೇ ಲಿಖಿತ ತಿಳಿವಳಿಕೆ ಕೊಟ್ಟಿರಬೇಕು, ಅದರ ಮುದ್ರೆ ಬಿದ್ದ ಪ್ರತಿ ನಿಮ್ಮ ಬಳಿಯೂ ಇರಲಿ. ಬಂದ ಅಧಿಕಾರಿಗಳು ಹೆಸರು, ಹುದ್ದೆ, ದಿನಾಂಕ, ಅಭಿಪ್ರಾಯದೊಂದಿಗೆ ಸಹಿ ಮಾಡಬೇಕು. ಬಾರದೆ ಹೋಗಿ, ಆಮೇಲೆ ನಾವಿರಲಿಲ್ಲ ಎಂದು ಆಕ್ಷೇಪ ತೆಗೆದರೆ, ಅರ್ಜಿ ಮರುಪರಿಶೀಲನೆಗೆ ಗ್ರಾಮಸಭೆಗೆ ಬರುತ್ತದೆ. ಎರಡನೇ ಸಲವೂ ಬಾರದಿದ್ದರೆ ಸ್ಥಳ ಪರಿಶೀಲನೆಯ ಮಟ್ಟಿಗೆ ಗ್ರಾಮಸಭೆಯ ತೀರ್ಮಾನವೇ ಅಂತಿಮ.

ಸಮಿತಿಯ ಸದಸ್ಯರೇ ಅರ್ಜಿದಾರರಾಗಿದ್ದರೆ, ತಮ್ಮ ಅರ್ಜಿಯ ಪರಿಶೀಲನೆಯಲ್ಲಿ ಅವರು ಕೂರಬಾರದು. ಈ ಒಂದು ಅಜಾಗರೂಕತೆಯಿಂದ ಒಳ್ಳೆಯ ಅರ್ಜಿಗಳೂ ಕೆಟ್ಟಿವೆ.

## ಹಂತ 6: ಗ್ರಾಮಸಭೆಯ ಠರಾವು

ಇದು ಇಡೀ ಪಂಚಾಯತಿಯ ಸಾಮಾನ್ಯ ಸಭೆಯಲ್ಲ, ಆಯಾ ಗ್ರಾಮದ ಸಭೆ. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಜನ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು, ಅರ್ಜಿದಾರರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧದಷ್ಟು. ಕೋರಂ ಇಲ್ಲದ ಠರಾವು ಉಪವಿಭಾಗ ಸಮಿತಿಯಲ್ಲಿ ಮೊದಲ ನೋಟಕ್ಕೇ ಹಿಂದೆ ಬರುತ್ತದೆ. ಹಾಜರಿ ಪುಸ್ತಕದ ಪ್ರತಿಯನ್ನು ಠರಾವಿಗೆ ಹೊಲಿದೇ ಕಳಿಸಿ.

## ಹಂತ 7: ಉಪವಿಭಾಗ ಮತ್ತು ಜಿಲ್ಲಾ ಸಮಿತಿ

ಕಾರವಾರ, ಕುಮಟಾ, ಭಟ್ಕಳ, ಶಿರಸಿ ಉಪವಿಭಾಗಗಳ ಸಮಿತಿಗೆ ಸಹಾಯಕ ಆಯುಕ್ತರು, ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿ ಅಧ್ಯಕ್ಷರು. ತಿಂಗಳಿಗೊಮ್ಮೆ ಅರ್ಜಿಯ ಸ್ಥಿತಿಯನ್ನು ಲಿಖಿತವಾಗಿ ಕೇಳಿ. ವಿಚಾರಣೆಗೆ ಕರೆದರೆ ಎರಡೂ ಕಡತ ಹಿಡಿದು ಹೋಗಿ, ಮೂಲಪ್ರತಿಯನ್ನು ತೋರಿಸಿ, ಒಪ್ಪಿಸಬೇಡಿ. ಮೂಲ ಕೊಟ್ಟು ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ.

## ಹಂತ 8: ತಿರಸ್ಕಾರ ಬಂದರೆ

ಗಡಿಯಾರ ಶುರುವಾಗುವುದು ಆದೇಶ ನಿಮ್ಮ ಕೈಗೆ ಬಂದ ದಿನದಿಂದ. 60 ದಿನ, ಅದರ ಮೇಲೆ ಸಕಾರಣವಿದ್ದರೆ 30 ದಿನದವರೆಗೆ ವಿಸ್ತರಣೆ, ಅದು ಸಮಿತಿಯ ವಿವೇಚನೆ. ಆದೇಶವನ್ನು ಖುದ್ದಾಗಿ ಮುಟ್ಟಿಸಬೇಕು, ಅದರಲ್ಲಿ ಕಾರಣ ಬರೆದಿರಬೇಕು. ಪಂಚಾಯತಿ ಗೋಡೆಗೆ ಪಟ್ಟಿ ಅಂಟಿಸಿದರೆ ಖುದ್ದಾಗಿ ಮುಟ್ಟಿಸಿದಂತಾಗುವುದಿಲ್ಲ. ಅಂಥ ಪಟ್ಟಿಯಲ್ಲಿ ಹೆಸರು ಕಂಡರೆ ಆದೇಶದ ಪ್ರತಿಗೆ ಅಂದೇ ಲಿಖಿತ ಅರ್ಜಿ ಕೊಡಿ.

ಗ್ರಾಮಸಭೆಯ ನಿರ್ಣಯದ ಮೇಲೆ ಉಪವಿಭಾಗ ಸಮಿತಿಗೆ, ಉಪವಿಭಾಗದ ನಿರ್ಣಯದ ಮೇಲೆ ಜಿಲ್ಲಾ ಸಮಿತಿಗೆ ಮನವಿ. ಜಿಲ್ಲಾ ಸಮಿತಿಯದು ಕಾಯ್ದೆಯಲ್ಲಿ ಅಂತಿಮ, ಅದರಾಚೆ ಧಾರವಾಡದ ಹೈಕೋರ್ಟ್ ಪೀಠ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಮನವಿಯಲ್ಲಿ ಕಷ್ಟಸುಖ ಬರೆದು ಪುಟ ತುಂಬಬೇಡಿ. 75 ವರ್ಷದ ದಾಖಲೆ ಇಲ್ಲ ಎಂಬ ತಿರಸ್ಕಾರಕ್ಕೆ ನಾಲ್ಕು ಮಾತು ಸಾಕು. 75 ವರ್ಷ ವಾಸಕ್ಕೆ ಸಂಬಂಧಿಸಿದ್ದು, ಅದಕ್ಕೆ ಮೊದಲ ಕಡತದ ಇಂತಿಂಥ ಪುಟ. ಸ್ವಾಧೀನಕ್ಕೆ ಬೇಕಾದದ್ದು 13-12-2005, ಅದಕ್ಕೆ ಎರಡನೇ ಕಡತದ ಇಂತಿಂಥ ಪುಟ. ಇಂಥದ್ದೇ ದಾಖಲೆ ಬೇಕೆಂದು ಹಟ ಹಿಡಿಯುವಂತಿಲ್ಲ ಎಂದು ನಿಯಮ 12ಎ ಹೇಳುತ್ತದೆ. ಪುರಾವೆ ಅಪೂರ್ಣ ಅನಿಸಿದರೆ ತಿರಸ್ಕರಿಸದೆ ಗ್ರಾಮಸಭೆಗೆ ಮರಳಿಸಬೇಕಿತ್ತು. ವಾಸ ಕಾಡಿನ ಒಳಗೇ ಇರಬೇಕಿತ್ತು ಎಂಬ ಆಕ್ಷೇಪವಿದ್ದರೆ, ಬುಡಕಟ್ಟು ವ್ಯವಹಾರಗಳ ಸಚಿವಾಲಯದ 2008ರ ಜೂನ್ 9ರ ಸ್ಪಷ್ಟನೆಯನ್ನು ಲಗತ್ತಿಸಿ: ಕಾಡಿನ ಹೊರಗೆ ವಾಸವಿದ್ದು ಬದುಕಿಗೆ ಕಾಡನ್ನು ನೆಚ್ಚಿದವರೂ ಒಳಗೊಳ್ಳುತ್ತಾರೆ.

### ನಡುವೆ ತೆರವಿನ ನೋಟಿಸ್ ಬಂದರೆ

ಕರ್ನಾಟಕ ಅರಣ್ಯ ಕಾಯ್ದೆಯ ಕಲಂ 64ಎ ನೋಟಿಸನ್ನು ತೆಗೆದುಕೊಳ್ಳದೆ ಮರಳಿಸಬೇಡಿ. ಸಹಿ ಮಾಡಿ ಪಡೆದು, ಅದರಲ್ಲಿ ಕೊಟ್ಟ ಗಡುವಿನೊಳಗೆ ಲಿಖಿತ ಉತ್ತರ ಕೊಡಿ. ಅರಣ್ಯ ಹಕ್ಕು ಕಾಯ್ದೆಯ ಕಲಂ 4(5)ರಂತೆ ಗುರುತಿಸುವ, ಪರಿಶೀಲಿಸುವ ಪ್ರಕ್ರಿಯೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ ಎಂದು ಬರೆದು, ಸ್ವೀಕೃತಿಯ ಪ್ರತಿ, ಮನವಿ ಬಾಕಿ ಇದ್ದರೆ ಅದರ ಪ್ರತಿ ಲಗತ್ತಿಸಿ, ಜಿಲ್ಲಾಧಿಕಾರಿಗೂ ಒಂದು ಪ್ರತಿ ಕಳಿಸಿ. ತಿರಸ್ಕೃತರನ್ನು ತೆರವುಗೊಳಿಸಲು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿ 13ರಂದು ಹೇಳಿದ್ದನ್ನು ತೋರಿಸಿ ಹೆದರಿಸುವವರಿದ್ದಾರೆ. ಅದೇ ಕೋರ್ಟು ಅದೇ ತಿಂಗಳ 28ರಂದು ಅದಕ್ಕೆ ತಡೆ ಕೊಟ್ಟಿದೆ. ಹಾಗೆಂದು ಮನವಿ ಹಾಕದೆ ಗಡುವು ಕಳೆದುಕೊಂಡವರಿಗೆ 4(5)ರ ಆಸರೆ ದುರ್ಬಲವಾಗುತ್ತದೆ. 60 ದಿನವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

## ಊರಿನ ಹಕ್ಕು

ಮನೆಮನೆಯ ಜಾಗದ ಗಡಿಬಿಡಿಯಲ್ಲಿ ನಮೂನೆ ಬಿ ಮತ್ತು ಸಿ ಮರೆತುಹೋಗುತ್ತವೆ. ಉಪ್ಪಾಗೆ, ಮುರುಗಲು, ಜೇನು, ಬಿದಿರು, ಮೇವು, ಹೊಳೆಯ ಮೀನು ಇವುಗಳಿಗೆ ನಮೂನೆ ಬಿ. ಊರು ಹಿಂದಿನಿಂದ ಕಾಯ್ದುಕೊಂಡ ಕಾಡಿನ ನಿರ್ವಹಣೆಗೆ ನಮೂನೆ ಸಿ. ರಸ್ತೆ, ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ಲೈನು ಸೇರಿ 13 ಬಗೆಯ ಸೌಕರ್ಯಕ್ಕೆ ಕಲಂ 3(2)ರಲ್ಲಿ ತಲಾ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಪಡೆಯಬಹುದು, ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು.

## ಹಂತ 9: ಹಕ್ಕುಪತ್ರ ಕೈಗೆ ಬಂದಾಗ

ಫೋಟೋ ತೆಗೆಸಿಕೊಳ್ಳುವ ಮೊದಲು ಅಲ್ಲೇ ಓದಿ. ದಂಪತಿ ಇಬ್ಬರ ಹೆಸರಿದೆಯೇ, ವಿಸ್ತೀರ್ಣ ಪಂಚನಾಮೆಗೆ ತಾಳೆಯಾಗುತ್ತದೆಯೇ, ಚತುಃಸೀಮೆ ಸರಿಯಿದೆಯೇ ನೋಡಿ. ಎಕರೆಯ ಜಾಗದಲ್ಲಿ ಗುಂಟೆ ಬಂದಿದ್ದರೆ ಅದೇ ವಾರ ತಿದ್ದುಪಡಿಗೆ ಬರೆಯಿರಿ. ಈ ಹಕ್ಕು ಮಕ್ಕಳಿಗೆ ಬರುತ್ತದೆ, ಮಾರಲು, ಬೇರೆಯವರಿಗೆ ವರ್ಗಾಯಿಸಲು ಬರುವುದಿಲ್ಲ. ಸ್ಟಾಂಪ್ ಪೇಪರಿನ ಮೇಲೆ ಬರೆದುಕೊಟ್ಟರೂ ಅಷ್ಟೇ. ಕಂದಾಯ ಮತ್ತು ಅರಣ್ಯ ದಾಖಲೆಗಳಲ್ಲಿ ಇದನ್ನು ಹೆಚ್ಚೆಂದರೆ ಮೂರು ತಿಂಗಳೊಳಗೆ ನಮೂದಿಸಬೇಕು. ನಾಲ್ಕನೇ ತಿಂಗಳು ಪಹಣಿ ತೆಗೆಸಿ, ನಿಮ್ಮ ಹೆಸರು ಹತ್ತಿದೆಯೇ ನೋಡಿ, ಇಲ್ಲದಿದ್ದರೆ ಹಕ್ಕುಪತ್ರದ ಪ್ರತಿ ಇಟ್ಟು ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಡಿ.